ಪರಿಸರ ಶಾಸ್ತ್ರದ ಓದು: ಕೊಡಂಬಲದ ಒಂದು ಮನೆಯ ಪ್ರಶ್ನೆ



ಈ ಸಲದ ಬಸವ ಜಯಂತಿಯ ನಿಮಿತ್ತ ಹುಮನಾಬಾದ ಸೀಮೆಯ ಕೊಡಂಬಲ ಗ್ರಾಮಕ್ಕೆ ಮೂರು ದಿನಗಳ ಪ್ರವಚನಕ್ಕಾಗಿ ನಾವು ಹೋಗಿದ್ದೆವು. ಬಿಸಿಲು ಉರಿಯುತ್ತಿದ್ದ ಕಾಲ. ಎರಡನೆಯ ದಿನ ರಾತ್ರಿ ಸದ್ಭಕ್ತರೊಬ್ಬರ ಮನೆಯಲ್ಲಿ ಪ್ರಸಾದ ಮುಗಿಸಿ ಪಡಸಾಲೆಯಲ್ಲಿ ಕುಳಿತಾಗ ಮನೆಯ ಯಜಮಾನರು ಎರಡು ಮಾತುಗಳನ್ನು ಒಟ್ಟಿಗೆ ನಮ್ಮ ಮುಂದಿಟ್ಟರು. ಹೊಲದಲ್ಲಿ ಮೂರನೆಯ ಬೋರು ಕೊರೆಯಿಸಬೇಕೆಂದಿದ್ದಾರೆ, ಅದಕ್ಕೊಂದು ಒಳ್ಳೆಯ ದಿನ ನೋಡಿ ಹೇಳಬೇಕು ಎಂಬುದು ಮೊದಲನೆಯದು. ಕಲಬುರಗಿಯಲ್ಲಿ ಬಿ.ಎಸ್‌ಸಿ. ಮುಗಿಸಿರುವ ಮಗಳು ವಿಶ್ವವಿದ್ಯಾಲಯಕ್ಕೆ ಹೋಗಿ ಪರಿಸರ ವಿಜ್ಞಾನದಲ್ಲಿ ಎಂ.ಎಸ್‌ಸಿ. ಮಾಡುತ್ತೇನೆಂದು ಹಟ ಹಿಡಿದಿದ್ದಾಳೆ, ಅವಳಿಗೆ ಬುದ್ಧಿ ಹೇಳಿ ಬಿ.ಎಡ್‌.ಗೆ ಒಪ್ಪಿಸಬೇಕು ಎಂಬುದು ಎರಡನೆಯದು.

"ಶಾಸ್ತ್ರಿಗಳೆ, ಗಂಟಿನಾಗ ಇರೋದು ಒಂದ ಕೆಲಸಕ್ಕ ಆಗೋವಷ್ಟು ರೊಕ್ಕ. ಬೋರಿಗೆ ಹಾಕಲೋ, ಇವಳ ಓದಿಗೆ ಹಾಕಲೋ, ನೀವ ಹೇಳ್ರಿ. ಗಿಡಗಂಟಿ ಓದಲಿಕ್ಕ ದೊಡ್ಡ ಸಾಲಿ ಯಾಕ ಬೇಕ್ರಿ?" ಎಂದರು.

ಕೊನೆಯ ಮಾತು ನಮ್ಮನ್ನು ಚುಚ್ಚಿತು. ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ಮಠದ ಪ್ರಸಾದ ನಿಲಯದ ಹೊಣೆ ನಮ್ಮ ಮೇಲಿದ್ದಾಗ, ಸಸ್ಯಶಾಸ್ತ್ರ ಓದಬೇಕೆಂದು ಆಸೆಪಟ್ಟ ಬಡ ಹುಡುಗನೊಬ್ಬ ಸಲಹೆ ಕೇಳಿ ಬಂದಿದ್ದನು. ಗಿಡದ ಓದು ಹೊಟ್ಟೆ ತುಂಬಿಸುವುದಿಲ್ಲ ಎಂದು ನಾವೇ ನಕ್ಕು ಅವನನ್ನು ವಾಣಿಜ್ಯ ವಿಭಾಗಕ್ಕೆ ಕಳುಹಿಸಿದೆವು. ಅವನು ಈಗ ಹೈದರಾಬಾದಿನಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದಾನೆ. ಕೆಲವು ವರ್ಷಗಳ ಹಿಂದೆ ಜಾತ್ರೆಯೊಂದರಲ್ಲಿ ಕಂಡು ನಮಸ್ಕರಿಸಿದನು. ಪಕ್ಕದಲ್ಲಿದ್ದ ತನ್ನ ಮಗನಿಗೆ ದಾರಿ ಬದಿಯ ಒಂದೊಂದು ಗಿಡವನ್ನೂ ತೋರಿಸಿ ಹೆಸರು, ಗುಣ, ಹೂ ಬಿಡುವ ಕಾಲಗಳನ್ನು ಹೇಳುತ್ತ ನಡೆದನು. ನಮ್ಮ ಮೇಲೆ ಒಂದು ದೂರನ್ನೂ ಆಡಲಿಲ್ಲ. ಆಡಿದ್ದರೆ ನಮ್ಮ ಮನಸ್ಸು ಹಗುರಾಗುತ್ತಿತ್ತೇನೋ. ಒಂದು ಸಲ ತಪ್ಪು ಸಲಹೆ ಕೊಟ್ಟವರು ಎರಡನೆಯ ಸಲ ಅವಸರ ಮಾಡಬಾರದು. ಆದುದರಿಂದ ಯಜಮಾನರಿಗೆ ಆ ರಾತ್ರಿ ಯಾವ ಉತ್ತರವನ್ನೂ ಕೊಡಲಿಲ್ಲ. ಬಾಗಿಲ ಮರೆಯಲ್ಲಿ ನಿಂತಿದ್ದ ಮಗಳೇ ಮೆಲ್ಲನೆ, "ನಾಳಿ ನಸುಕಿನ್ಯಾಗ ಹೊಲಕ್ಕ ಬರ್ರಿ, ಒಂದ ಸಲ ನೋಡಿ ಹೇಳ್ರಿ" ಎಂದಳು.

ಮರುದಿನ ಹೊತ್ತು ಹುಟ್ಟುವ ಮೊದಲೇ ಹೊಲ ಸೇರಿದೆವು. ಯಜಮಾನರು, ಅವರ ಮಗಳು ಮತ್ತು ಎಪ್ಪತ್ತು ದಾಟಿದ ಆಯಿ ಜೊತೆಗಿದ್ದರು. ನಾಲ್ಕು ಎಕರೆ ಹೊಲ. ಮೇಲಿನ ಭಾಗ ಕೆಂಪು ನೆಲ, ಕೆಳಗಿನ ಭಾಗ ಎರೆ. ಕೆಂಪು ಮುಗಿದು ಕಪ್ಪು ಆರಂಭವಾಗುವ ಅಂಚಿನಲ್ಲಿ ಮೆಟ್ಟಿಲಿರುವ ಹಳೆಯ ಕಲ್ಲುಬಾವಿಯೊಂದಿದೆ. ಅರ್ಧಕ್ಕರ್ಧ ಹೂಳು ತುಂಬಿ ತಳದಲ್ಲಿ ತುಸು ನೀರು ನಿಂತಿತ್ತು. ಹೊಲದ ಕೆಳಗಡೆ ಎರಡು ಬೋರುಗಳು. ಒಂದರಲ್ಲಿ ಧೂಳಲ್ಲದೆ ಬೇರೇನೂ ಬರಲಿಲ್ಲ, ಇನ್ನೊಂದು ಎರಡು ವರ್ಷ ನೀರು ಕೊಟ್ಟು ನಿಂತಿತು. ನಾವು ಸೊಸೆಯಾಗಿ ಬಂದಾಗ ಈ ಬಾವಿಯ ನೀರನ್ನು ಬಗ್ಗಿ ಕೊಡದಲ್ಲಿ ತುಂಬುತ್ತಿದ್ದೆವು ಎಂದು ಆಯಿ ಹೇಳಿದರು. 1972ರ ಬರದಲ್ಲಿಯೂ ಈ ಬಾವಿ ಪೂರ್ತಿ ಬತ್ತಿರಲಿಲ್ಲವೆಂಬುದು ಅವರ ನೆನಪು.

ಆಗ ಮಗಳು ಒಂದು ನೋಟುಬುಕ್ಕನ್ನೂ ಅಡಿಗೊಂದು ಗಂಟು ಹಾಕಿದ ಹಗ್ಗವನ್ನೂ ನಮ್ಮ ಮುಂದಿಟ್ಟಳು. ಹೋದ ವರ್ಷದ ಯುಗಾದಿಯಿಂದ ಪ್ರತಿ ಅಮಾವಾಸ್ಯೆಗೊಮ್ಮೆ ಆ ಹಗ್ಗ ಬಾವಿಗೆ ಇಳಿದಿದೆ. ಅವಳು ಕಲಬುರಗಿಯಲ್ಲಿದ್ದ ತಿಂಗಳುಗಳಲ್ಲಿ ಅಕ್ಷರ ಬಾರದ ಆಯಿಯೇ ಹಗ್ಗವನ್ನು ಬಿಟ್ಟು, ಒದ್ದೆಯಾದ ಗಂಟುಗಳನ್ನು ಎಣಿಸಿ, ಫೋನಿನಲ್ಲಿ ಹೇಳಿದ್ದಾರೆ, ಮೊಮ್ಮಗಳು ಬರೆದುಕೊಂಡಿದ್ದಾಳೆ. ಮಗ ಬೋರಿನ ಮಾತು ಆಡುತ್ತಿದ್ದಾಗ ತಾಯಿ ಒಂದು ವರ್ಷವಿಡೀ ಹಳೆಯ ಬಾವಿಯನ್ನು ಅಳೆಯುತ್ತಿದ್ದುದು ಯಜಮಾನರಿಗೆ ಅಂದಿನವರೆಗೂ ಗೊತ್ತಿರಲಿಲ್ಲ. ಅವರು ತಾಯಿಯ ಮುಖವನ್ನೇ ನೋಡುತ್ತ ನಿಂತರು.

ನೋಟುಬುಕ್ಕಿನ ಲೆಕ್ಕ ಸರಳವಾಗಿತ್ತು. ಒಳ್ಳೆಯ ಮಳೆ ಬಿದ್ದ ಮೇಲೆ ಬಂದ ಪ್ರತಿ ಅಮಾವಾಸ್ಯೆಯಲ್ಲಿಯೂ ಬಾವಿಯ ನೀರು ಏರಿದೆ. ದೀಪಾವಳಿಯ ನಂತರ ಬೇಗನೆ ಇಳಿದಿದೆ. ಎಂದರೆ ಬಾವಿಯ ಸೆಲೆ ಸತ್ತಿಲ್ಲ. ಬಂದ ನೀರನ್ನು ಹಿಡಿದಿಡಲು ಬಾವಿಯಲ್ಲಿ ಸ್ಥಳವಿಲ್ಲ, ಹೊಲದ ಮೇಲೆ ಬಿದ್ದ ಮಳೆಗೆ ಇಂಗಲು ಬಿಡುವಿಲ್ಲ. ಇನ್ನೊಂದು ಪುಟದಲ್ಲಿ ಹೀಗೆ ಬರೆದಿದ್ದಳು: ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು 4,047 ಲೀಟರ್ ನೀರು. ಬೀದರ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ ಸುಮಾರು 850 ಮಿಲಿಮೀಟರ್ ಮಳೆಯಾಗುತ್ತದೆ. ಆ ಲೆಕ್ಕದಲ್ಲಿ ಎಕರೆಗೆ 34 ಲಕ್ಷ ಲೀಟರ್, ನಾಲ್ಕು ಎಕರೆಗೆ 137 ಲಕ್ಷ ಲೀಟರ್.

ಆ ಅಂಕಿಯ ಮುಂದೆ ಅವಳು 'ಲಾತೂರ' ಎಂದು ಬರೆದಿದ್ದಳು. 2016ರ ಏಪ್ರಿಲ್ ತಿಂಗಳು ನಮ್ಮ ಓದುಗರಿಗೆ ನೆನಪಿರಬಹುದು. ನಮ್ಮ ನೆರೆಯ ಲಾತೂರಿಗೆ ನೀರು ಕೊಡುತ್ತಿದ್ದ ಮಾಂಜರಾ ಜಲಾಶಯ ಬತ್ತಿ, ಮೀರಜದಿಂದ ರೈಲಿನಲ್ಲಿ ಕುಡಿಯುವ ನೀರು ತರಬೇಕಾಯಿತು. ಮೊದಲ ರೈಲು ಹತ್ತು ವ್ಯಾಗನ್ನುಗಳಲ್ಲಿ ತಂದುದು ಸುಮಾರು 5 ಲಕ್ಷ ಲೀಟರ್. ಅದೇ ಮಾಂಜರಾ ಮುಂದೆ ನಮ್ಮ ಬೀದರ ಜಿಲ್ಲೆಯನ್ನು ಹಾದು ಹೋಗುತ್ತದೆ. ಈ ಒಂದು ಹೊಲದ ಮೇಲೆ ಒಂದು ವರ್ಷದಲ್ಲಿ ಬೀಳುವ ಮಳೆ ಅಂತಹ 27 ರೈಲುಗಳು ತರುವ ನೀರಿಗೆ ಸಮ. ಅದರಲ್ಲಿ ಬಹುಪಾಲು ಬಿಸಿಲಿಗೆ ಆರುತ್ತದೆ, ಪೈರು ಕುಡಿಯುತ್ತದೆ, ಹಳ್ಳಕ್ಕೆ ಹರಿಯುತ್ತದೆ. ಎಲ್ಲವನ್ನೂ ಹಿಡಿಯಲಾಗದು ಎಂದು ಅವಳೇ ಹೇಳಿದಳು. ಹರಿದು ಹೋಗುವ ಪಾಲಿನಲ್ಲಿ ಸ್ವಲ್ಪವನ್ನು ಬದುವಿನಿಂದ ತಡೆದು ಬಾವಿಯ ಹೂಳು ತೆಗೆದರೆ ಸಾಕೆಂಬುದು ಅವಳ ವಾದ.

ಹಾಗಾದರೆ ಬೋರು ಏಕೆ ಸೋತಿತು ಎಂದು ಯಜಮಾನರು ಕೇಳಿದರು. ಇದಕ್ಕೆ ಉತ್ತರ ನಮ್ಮ ನಾಡಿನ ನೆಲದಲ್ಲಿಯೇ ಇದೆ. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ದಖ್ಖನ್ನಿನ ಮೇಲೆ ಪದರ ಪದರವಾಗಿ ಹರಿದ ಲಾವಾರಸ ಹೆಪ್ಪುಗಟ್ಟಿ ಬಸಾಲ್ಟ್ ಎಂಬ ಕರಿಗಲ್ಲಾಯಿತು. ಆ ಕಲ್ಲಿನ ಮೇಲ್ಭಾಗ ಯುಗಯುಗಗಳ ಮಳೆ ಬಿಸಿಲಿಗೆ ಶಿಥಿಲವಾಗಿ ಲ್ಯಾಟರೈಟ್ ಎಂಬ ಕೆಂಗಲ್ಲಾಯಿತು. ಕೆಂಗಲ್ಲು ರಂಧ್ರಮಯವಾದುದು, ಮಳೆಯ ನೀರನ್ನು ಹೀರಿಕೊಳ್ಳುತ್ತದೆ. ಅದರ ಕೆಳಗಿನ ಕರಿಗಲ್ಲು ಗಟ್ಟಿಯಾದುದರಿಂದ ಇಳಿದ ನೀರು ಎರಡರ ನಡುವಿನ ಅಂಚಿನಲ್ಲಿ ನಿಂತು ಪಕ್ಕಕ್ಕೆ ಸರಿಯುತ್ತದೆ. ಬೀದರಿನ ಪಾಪನಾಶ, ನರಸಿಂಹ ಝರಣಿ, ಗುರುನಾನಕ ಝರಾಗಳೆಲ್ಲ ಈ ಕೆಂಗಲ್ಲಿನ ಪ್ರಸಾದವೇ ಆಗಿವೆ. ಕರಿಗಲ್ಲಿನೊಳಗೆ ನೀರು ಸಿಗುವುದು ಬಿರುಕಿದ್ದಲ್ಲಿ ಮಾತ್ರ. ಆಳದ ಬೋರು ಅಂತಹ ಬಿರುಕಿಗೆ ತಾಗಿದರೆ ನೀರು, ತಾಗದಿದ್ದರೆ ಧೂಳು. ತಾಗಿದರೂ ಆ ಬಿರುಕನ್ನು ಮಳೆ ಮತ್ತೆ ತುಂಬಲು ಎಷ್ಟೋ ಕಾಲ ಬೇಕು. ಹಳೆಯ ಬಾವಿಯನ್ನು ತೋಡಿಸಿದ ಹಿರಿಯರು ಶಾಸ್ತ್ರ ಓದಿರಲಿಲ್ಲ, ಆದರೂ ಕೆಂಪು ಕಪ್ಪು ಕೂಡುವ ಅಂಚನ್ನೇ ಆರಿಸಿದ್ದರು.

ಈ ತಿಳಿವಳಿಕೆಗೆ ಬೀದರಿನಲ್ಲಿಯೇ ಒಂದು ದೊಡ್ಡ ಸಾಕ್ಷಿಯಿದೆ. 15ನೆಯ ಶತಮಾನದಲ್ಲಿ ಬಹಮನಿ ಅರಸರು ಪಾರಸೀಕ ದೇಶದ ವಿದ್ಯೆಯನ್ನು ತರಿಸಿ ನೌಬಾದಿನಲ್ಲಿ ಕಾರೇಜ್ ಎಂಬ ಸುರಂಗ ಬಾವಿಯನ್ನು ಕಟ್ಟಿಸಿದರು. ನೆಲದಡಿಯಲ್ಲಿ ತುಸುವೇ ಇಳಿಜಾರಾಗಿ ಸುರಂಗ ಕೊರೆದು, ಮಣ್ಣು ಎತ್ತಲೂ ಗಾಳಿ ಆಡಲೂ ಅಲ್ಲಲ್ಲಿ ಬಾವಿಯಂತಹ ಕಿಂಡಿಗಳನ್ನು ಬಿಟ್ಟಿದ್ದಾರೆ. ಯಂತ್ರವಿಲ್ಲದೆ, ಎತ್ತಿಲ್ಲದೆ, ನೀರು ತನ್ನಷ್ಟಕ್ಕೆ ಹರಿದು ಬರುತ್ತದೆ. ಇಂತಹ ಅಮೂಲ್ಯ ವಸ್ತು ನಮ್ಮ ಕಾಲದಲ್ಲಿ ಹೂಳಿನಲ್ಲಿ ಮುಚ್ಚಿ ಹೋಗಿ, ಕಿಂಡಿಗಳು ಕಸದ ಗುಂಡಿಗಳಾಗಿದ್ದವು. ಅದರ ಜಾಡನ್ನು ಅಳೆದು, ನಕ್ಷೆ ಬರೆದು ಲೋಕಕ್ಕೆ ತೋರಿಸಿದವರು ಕೇರಳದ ಭೂಗೋಳ ಅಧ್ಯಾಪಕರಾದ ವಿ. ಗೋವಿಂದನ್‌ಕುಟ್ಟಿಯವರು. ಆ ಮೇಲೆಯೇ ಹೂಳೆತ್ತುವ ಕೆಲಸ ನಡೆಯಿತು. ನಮ್ಮ ಕಾಲಡಿಯ ನಿಧಿಯನ್ನು ಗುರುತಿಸಲು ಅಷ್ಟು ದೂರದಿಂದ ಒಬ್ಬ ವಿದ್ವಾಂಸರು ಬರಬೇಕಾಯಿತು. ನಮ್ಮ ಮನೆಗಳಲ್ಲಿ ಅಂತಹ ಓದು ಓದಿದವರು ಎಷ್ಟು ಜನ? ನಾವು ಕಳುಹಿಸಿದೆವೆ? ಈ ಪ್ರಶ್ನೆ ನಮಗೆ ಬಾವಿಯ ಕಟ್ಟೆಯ ಮೇಲೆ ಕುಳಿತಾಗ ಬಂದಿತು.

ಇನ್ನು ಈ ಶಾಸ್ತ್ರದ ಪರಿಚಯವನ್ನು ಸಂಕ್ಷೇಪವಾಗಿ ಹೇಳುವೆವು. ಇಕಾಲಜಿ ಎಂಬ ಹೆಸರನ್ನು 1866ರಲ್ಲಿ ಜರ್ಮನಿಯ ಅರ್ನ್ಸ್ಟ್ ಹೆಕೆಲ್ ಎಂಬ ವಿಜ್ಞಾನಿ ಇಟ್ಟನು. ಗ್ರೀಕ್ ಭಾಷೆಯ 'ಓಯ್ಕೋಸ್' ಎಂಬ ಮಾತು ಅದರ ಮೂಲ. ಓಯ್ಕೋಸ್ ಎಂದರೆ ಮನೆ. ಜೀವಿಗಳು ತಮ್ಮ ತಮ್ಮ ಮನೆಯಲ್ಲಿ ಒಂದನ್ನೊಂದು ಆಶ್ರಯಿಸಿ ಬಾಳುವ ಬಗೆಯನ್ನು ತಿಳಿಸುವ ಶಾಸ್ತ್ರವಿದು. ಮಣ್ಣಿನ ಹುಳು, ಹುಲ್ಲು, ಜಿಂಕೆ, ಕೆರೆಯ ಪಾಚಿ, ಮನುಷ್ಯ, ಎಲ್ಲರೂ ಒಂದೇ ಮನೆಯ ಸದಸ್ಯರೆಂದು ಅದು ಲೆಕ್ಕ ಹಾಕುತ್ತದೆ. ನಮ್ಮ ದೇಶದಲ್ಲಿ ಈ ಓದಿಗೆ ಬುನಾದಿ ಹಾಕಿದವರಲ್ಲಿ ಕಾಶಿ ಹಿಂದೂ ವಿಶ್ವವಿದ್ಯಾಲಯದ ರಾಮದೇವ ಮಿಶ್ರರು ಪ್ರಮುಖರು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1983ರಲ್ಲಿ ಮಾಧವ ಗಾಡ್ಗೀಳರು ಪರಿಸರ ವಿಜ್ಞಾನಗಳ ಕೇಂದ್ರವನ್ನು ಸ್ಥಾಪಿಸಿದರು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ಪರಿಸರದ ಪಾಠ ಶಿಕ್ಷಣದ ಎಲ್ಲ ಹಂತಗಳಲ್ಲಿ ಇರಬೇಕೆಂದು ಆದೇಶಿಸಿತು. ಅದರ ಫಲವಾಗಿಯೇ ಇಂದು ಪದವಿ ಕಾಲೇಜುಗಳ ಮಕ್ಕಳು ಪರಿಸರದ ಒಂದು ಪತ್ರಿಕೆಯನ್ನು ಓದುತ್ತಾರೆ. ಬಹಳ ಕಡೆ ಅದು ಪರೀಕ್ಷೆಯ ಮುನ್ನಾದಿನ ಗೈಡು ತಿರುವಿ ಪಾಸಾಗುವ ವಿಷಯವಾಗಿರುವುದು ದುಃಖದ ಸಂಗತಿ.

ಎಂ.ಎಸ್‌ಸಿ. ಹಂತದ ಓದು ಅಂತಹುದಲ್ಲ. ಎರಡು ವರ್ಷಗಳಲ್ಲಿ ಮಣ್ಣು, ನೀರು, ಗಾಳಿಗಳ ಪರೀಕ್ಷೆ, ಜೀವಿಗಳ ಗಣನೆ, ಉಪಗ್ರಹದ ಚಿತ್ರಗಳಿಂದ ನಕ್ಷೆ ಬರೆಯುವುದು, ಪರಿಸರದ ಕಾನೂನು ಮುಂತಾದವುಗಳನ್ನು ಕಲಿಸುತ್ತಾರೆ. ಬೆಂಗಳೂರು, ಮೈಸೂರು ಮತ್ತು ಕುವೆಂಪು ವಿಶ್ವವಿದ್ಯಾಲಯಗಳಲ್ಲಿ ಪರಿಸರ ವಿಜ್ಞಾನದ ವಿಭಾಗಗಳಿವೆ. ಪಿ.ಯು.ಸಿ. ಮುಗಿಸಿದವರಿಗೆ ಅರಣ್ಯಶಾಸ್ತ್ರದ ಪದವಿಯನ್ನು ಶಿರಸಿ ಮತ್ತು ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯಗಳು ಕೊಡುತ್ತವೆ, ಅಲ್ಲಿ ರೈತರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ. ನಮ್ಮ ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ವಿಭಾಗಗಳ ಮೂಲಕವೂ ಈ ವಿದ್ಯೆಯನ್ನು ಸೇರಬಹುದು. ಅಲ್ಲಿಯ ಪ್ರಾಣಿಶಾಸ್ತ್ರದವರು ನಮ್ಮ ಕಾರಂಜಾ ಜಲಾಶಯದ ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕ ಪ್ರಾಣಿಗಳನ್ನು ಎಣಿಸಿ, ಆ ನೀರಿನ ಆರೋಗ್ಯವನ್ನು ಅಳೆದು ಪ್ರಬಂಧಗಳನ್ನು ಬರೆದಿದ್ದಾರೆ. ನಾವು ಕುಡಿಯುವ ನೀರಿನ ನಾಡಿ ಹಿಡಿದು ನೋಡುವ ವೈದ್ಯರಿವರು. ಸಂವಿಧಾನದ 371(ಜೆ) ವಿಧಿಯು 2013ರಲ್ಲಿ ಜಾರಿಗೆ ಬಂದ ಮೇಲೆ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ನಮ್ಮ ಪ್ರದೇಶದ ಸಂಸ್ಥೆಗಳಲ್ಲಿ ಶೇ. 70, ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8 ಸ್ಥಾನಗಳು ಮೀಸಲಾಗಿವೆ. ತಂದೆತಾಯಿಗಳು ಅರ್ಹತಾ ಪತ್ರವನ್ನು ಮುಂಚೆಯೇ ಮಾಡಿಸಿಡಬೇಕು.

ಹೊಟ್ಟೆಯ ಪ್ರಶ್ನೆಯನ್ನು ಮರೆಮಾಚುವುದು ನಮಗೆ ಸಲ್ಲದು. ಈ ಓದು ಮುಗಿಸಿದ ಮರುದಿನವೇ ನೌಕರಿ ಬಾಗಿಲಿಗೆ ಬರುವುದಿಲ್ಲ. ಅರಣ್ಯ ಇಲಾಖೆ, ಮಾಲಿನ್ಯ ನಿಯಂತ್ರಣ ಮಂಡಳಿ, ಜಲಾನಯನ ಯೋಜನೆಗಳು, ನೀರು ಮಣ್ಣಿನ ಪ್ರಯೋಗಶಾಲೆಗಳು, ಕಾಲೇಜುಗಳು, ಕಾರಖಾನೆಗಳು ಇವರನ್ನು ತೆಗೆದುಕೊಳ್ಳುತ್ತವೆ. ಆದರೆ ಸ್ಥಾನಗಳು ಕಡಿಮೆ, ಸ್ಪರ್ಧೆ ಹೆಚ್ಚು. ಕೆಲವು ವರ್ಷ ಕಾಯುವ ತಾಳ್ಮೆ ಬೇಕು. ಕೆಲಸಕ್ಕೆ ಕೊರತೆಯಿಲ್ಲವೆಂಬುದು ಮಾತ್ರ ನಿಜ. ಬೀದರ ಜಿಲ್ಲೆಯೂ ಸೇರಿದ್ದ ಸುಜಲಾ ಮೂರನೆಯ ಯೋಜನೆಯಲ್ಲಿ ಹೊಲ ಹೊಲದ ಮಣ್ಣನ್ನು ಪರೀಕ್ಷಿಸಿ ಯಾವ ನೆಲಕ್ಕೆ ಯಾವ ಬೆಳೆ, ಎಂತಹ ಬದು ಎಂದು ದಾಖಲೆ ಮಾಡಿದರು. ನಮ್ಮ ನೆರೆಯ ಚಿಂಚೋಳಿಯ ಕಾಡು 2011ರಲ್ಲಿ ವನ್ಯಜೀವಿ ಧಾಮವಾಯಿತು. ಬೀದರಿನ ಬಯಲುಗಳಲ್ಲಿ ಕೃಷ್ಣಮೃಗಗಳಿವೆ. ಇವನ್ನೆಲ್ಲ ನೋಡಿಕೊಳ್ಳುವವರು ಈ ನೆಲದ ಮಕ್ಕಳೇ ಆದರೆ ಚೆನ್ನಲ್ಲವೆ?

ಮನೆಗೆ ಮರಳಿದಾಗ ಹುಡುಗಿಯ ತಾಯಿ ತಮ್ಮ ಸಂಕಟವನ್ನು ಹೇಳಿದರು. "ಅಡವಿ ಹಳ್ಳ ತಿರುಗೋ ಹುಡುಗಿನ್ನ ಯಾರು ಮಾಡ್ಕೋತಾರ್ರಿ?" ಎಂಬುದು ಅವರ ಚಿಂತೆ. ತಾಯಿಯ ಚಿಂತೆಯನ್ನು ಹಗುರವಾಗಿ ಕಾಣಬಾರದು. ನಾವು ಅವರಿಗೆ ಹೆಚ್ಚು ದೂರವಿಲ್ಲದ ಕಲ್ಯಾಣದ ಒಂದು ಕಥೆಯನ್ನು ನೆನಪಿಸಿದೆವು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಇದು ನಮ್ಮ ಪಾಲಲ್ಲ, ಮರಳಿ ಸುರಿದು ಬನ್ನಿ ಎಂದು ತಿದ್ದಿದವರು ಅವರ ಮಡದಿ ಲಕ್ಕಮ್ಮನವರು. ಬೇಕಾದಷ್ಟನ್ನೇ ತೆಗೆದುಕೊಳ್ಳಬೇಕು, ಮಿಕ್ಕುದು ಎಲ್ಲರದು ಎಂಬ ಪಾಠವನ್ನು ಆ ಮನೆಯಲ್ಲಿ ಹೆಣ್ಣೇ ಹೇಳಿದಳು, ಗಂಡ ಕೇಳಿದನು, ಲೋಕ ಇಂದಿಗೂ ಇಬ್ಬರಿಗೂ ಕೈಮುಗಿಯುತ್ತದೆ. ನೆಲದಡಿಯ ನೀರಿನ ಲೆಕ್ಕ ಹೇಳುವ ಹುಡುಗಿ ಯಾವ ಮನೆಗೆ ಸೊಸೆಯಾಗಿ ಹೋದರೂ ಆ ಮನೆಯ ಬಾವಿ ಬತ್ತದು ಎಂದೆವು. ತಾಯಿ ಏನೂ ಹೇಳಲಿಲ್ಲ. ಆಯಿ ಮಾತ್ರ, "ಈ ಬಾವಿಗೆ ನಾನ ಇಳಿದು ಏರಿ ಬಾಳೇ ಮಾಡೀನಿ, ನನ್ನ ಯಾರು ಬ್ಯಾಡ ಅಂದಾರ?" ಎಂದು ನಕ್ಕರು.

ಕೊನೆಗೆ ಯಜಮಾನರಿಗೆ ನಮ್ಮ ಅಭಿಪ್ರಾಯವನ್ನು ತಿಳಿಸಿದೆವು. ಬೋರಿಗೆ ದಿನ ನೋಡಿಕೊಡುವುದು ನಮ್ಮಿಂದಾಗದು. ಪಂಚಾಂಗದಲ್ಲಿ ಒಳ್ಳೆಯ ದಿನವಿರಬಹುದು, ಅದರಿಂದ ಕಲ್ಲಿನಲ್ಲಿ ಬಿರುಕು ಹುಟ್ಟುವುದಿಲ್ಲ. ಒಂದು ಮಳೆಗಾಲ ತಡೆಯಿರಿ. ಇರುವ ಹಣದಲ್ಲಿ ಸ್ವಲ್ಪ ತೆಗೆದು ಬಾವಿಯ ಹೂಳೆತ್ತಿಸಿ, ಮೇಲಿನ ಹೊಲಕ್ಕೆ ಬದು ಹಾಕಿಸಿ. ಉಳಿದುದನ್ನು ಮಗಳ ಪ್ರವೇಶಕ್ಕೆ ಇಡಿ. ಬಾವಿ ಕೈಕೊಟ್ಟರೆ ಮುಂದಿನ ವರ್ಷ ಬೋರು ಕೊರೆಯುವವರು ಎಲ್ಲಿಯೂ ಓಡಿಹೋಗುವುದಿಲ್ಲ, ಓದಿನ ವಯಸ್ಸು ಹೋದರೆ ಬರುವುದಿಲ್ಲ. ಇಷ್ಟೇ ನಮ್ಮ ಸಲಹೆ.

ಯಜಮಾನರು ತಕ್ಷಣ ಒಪ್ಪಲಿಲ್ಲ. ಬಹಳ ಹೊತ್ತು ಯೋಚಿಸಿ, "ಬಾವಿಯ ಮಾತು ಒಪ್ಪಿದೆ, ಅರ್ಜಿ ಹಾಕಲಿ. ಸೀಟು ಸಿಕ್ಕ ಮ್ಯಾಲ ಮುಂದಿಂದು ನೋಡೋಣು" ಎಂದರು. ಪೂರ್ಣ ಒಪ್ಪಿಗೆಯಲ್ಲ, ಆದರೂ ಬಾಗಿಲು ಮುಚ್ಚಲಿಲ್ಲ. ಹುಡುಗಿಗೂ ನಾವು ಒಂದು ಮಾತು ಹೇಳಿದೆವು. ವಿಶ್ವವಿದ್ಯಾಲಯದಲ್ಲಿ ನಿನಗೆ ಯಂತ್ರಗಳು, ನಕ್ಷೆಗಳು, ದೊಡ್ಡ ದೊಡ್ಡ ಪದಗಳು ಸಿಗುತ್ತವೆ ತಾಯಿ, ಅವನ್ನು ಚೆನ್ನಾಗಿ ಕಲಿ. ಆದರೆ ಈ ನೋಟುಬುಕ್ಕಿನಲ್ಲಿ ಅರ್ಧ ಅಂಕಿಗಳು ಆಯಿಯ ಬೆರಳು ಎಣಿಸಿದವು ಎಂಬುದನ್ನು ಮರೆಯಬೇಡ. ಓದಿದ ಮೇಲೆ ಊರಿನ ಇತರ ಬಾವಿಗಳಿಗೂ ನಿನ್ನ ಹಗ್ಗ ಇಳಿಯಲಿ. ಕಲಿತುದನ್ನು ಹಂಚಿದಾಗಲೇ ಅದು ದಾಸೋಹವಾಗುತ್ತದೆ.

ಓದುಗ ಬಂಧುಗಳೆ, ಈ ಅಂಕಣವನ್ನು ಬರೆಯುವ ಹೊತ್ತಿಗೆ ಬಾವಿಯಿಂದ ಹೂಳು ಎತ್ತುವ ಕೆಲಸ ನಡೆದಿದೆಯೆಂದೂ ಆ ಹೂಳನ್ನು ಯಜಮಾನರು ಮೇಲಿನ ಹೊಲಕ್ಕೆ ಹಾಕಿಸುತ್ತಿದ್ದಾರೆಂದೂ ಸುದ್ದಿ ಬಂದಿದೆ. ಈ ಸಂಚಿಕೆ ನಿಮ್ಮ ಕೈ ಸೇರುವಾಗ ಮಿರಗದ ಮಳೆ ಹತ್ತಿರವಿರುತ್ತದೆ. ಬಾವಿ ತುಂಬುವುದೋ ಇಲ್ಲವೋ ಮಳೆಗೇ ಗೊತ್ತು. ತುಂಬಿದರೂ ತುಂಬದಿದ್ದರೂ ಅಮಾವಾಸ್ಯೆಯ ದಿನ ಆಯಿ ಗಂಟು ಎಣಿಸುವುದನ್ನು ಬಿಡುವುದಿಲ್ಲ. ನಿಮ್ಮ ಮನೆಯಲ್ಲಿಯೂ ಮಣ್ಣನ್ನು ಹಿಡಿದು ನೋಡುವ, ಹಕ್ಕಿಯ ಹೆಸರು ಕೇಳುವ, ಕೆರೆಯ ದಂಡೆಯಲ್ಲಿ ಹೊತ್ತು ಕಳೆಯುವ ಮಗುವೊಂದು ಇದ್ದರೆ, ಇದರಿಂದ ಏನು ಬಂತು ಎಂದು ಗದರುವ ಮೊದಲು ಒಂದು ದಿನ ಅದರ ಜೊತೆ ಹೊಲಕ್ಕೆ ಹೋಗಿ ಬನ್ನಿ. ನಾವು ಇಪ್ಪತ್ತೈದು ವರ್ಷಗಳ ಹಿಂದೆ ಹೋಗಬೇಕಾಗಿತ್ತು, ಹೋಗಲಿಲ್ಲ.